ತಿರುಗುವ ಯಂತ್ರದಲ್ಲಿ ಹೊರಕ್ಕೆಳೆಯುವ ಬಲವಿದೆಯೇ?

ಹೊನ್ನಾಳಿ, ನ್ಯಾಮತಿಗಳ ಭತ್ತವಾಗಲಿ, ಚನ್ನಗಿರಿ, ಜಗಳೂರುಗಳ ಮೆಕ್ಕೆಜೋಳವಾಗಲಿ, ಒಕ್ಕಣೆ ಯಂತ್ರದಲ್ಲಿ ಹಲ್ಲುಗಳುಳ್ಳ ಸಿಲಿಂಡರ್ ವೇಗವಾಗಿ ತಿರುಗಿ ಕಾಳು ಬಿಡಿಸುತ್ತದೆ. ಬೋಲ್ಟು ಮುರಿದರೆ ಹಲ್ಲು ಸಿಡಿದು ಹಾರುತ್ತದೆ. ಅದನ್ನು ಹೊರಕ್ಕೆ ಎಳೆದದ್ದು ಕೇಂದ್ರಾಪಗಾಮಿ ಬಲವೇ?

ನೆಲದ ಮೇಲೆ ನಿಂತು ನೋಡುವವರ ಲೆಕ್ಕದಲ್ಲಿ ಅಂಥ ಬಲವಿಲ್ಲ. ಚಲಿಸುವ ವಸ್ತುವಿನ ಸ್ವಭಾವ ನೇರವಾಗಿ ಸಾಗುವುದು. ಬೋಲ್ಟು ಅದನ್ನು ಕೇಂದ್ರದ ಕಡೆಗೆ ಎಳೆದು ಸುತ್ತಿಸುತ್ತದೆ. ಹಿಡಿತ ತಪ್ಪಿದೊಡನೆ ಹಲ್ಲು ಕವಣೆಯ ಕಲ್ಲಿನಂತೆ, ಆ ಕ್ಷಣದಲ್ಲಿ ಸಾಗುತ್ತಿದ್ದ ದಿಕ್ಕಿನಲ್ಲೇ ಹಾರುತ್ತದೆ. ಸಿಲಿಂಡರಿನೊಡನೆ ತಾವೂ ತಿರುಗುತ್ತಿರುವಂತೆ ಭಾವಿಸಿ ಲೆಕ್ಕ ಹಾಕುವಾಗ ಮಾತ್ರ ಹೊರಮುಖ ಬಲವನ್ನು ಸೇರಿಸಬೇಕಾಗುತ್ತದೆ. ಹೇಗೆ ಲೆಕ್ಕ ಹಾಕಿದರೂ ಬೋಲ್ಟಿನ ಮೇಲೆ ಬೀಳುವ ಎಳೆತ ಒಂದೇ, ಅದು ನಿಜವಾದದ್ದು.

ಉದಾಹರಣೆಗೆ, ಕೇಂದ್ರದಿಂದ 30 ಸೆಂ.ಮೀ. ದೂರದಲ್ಲಿರುವ 100 ಗ್ರಾಂ ತೂಕದ ಹಲ್ಲು ನಿಮಿಷಕ್ಕೆ 600 ಸುತ್ತು ತಿರುಗುವಾಗ ಈ ಎಳೆತ ಸುಮಾರು 12 ಕಿಲೋ ಭಾರದಷ್ಟಿರುತ್ತದೆ. ಸುತ್ತು 1200 ಆದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 48 ಕಿಲೋ ಆಗುತ್ತದೆ.

ಆದ್ದರಿಂದ ಕೆಲಸ ಬೇಗ ಮುಗಿಯಲೆಂದು ಯಂತ್ರಕ್ಕೆ ಸಣ್ಣ ಪುಲ್ಲಿ ಹಾಕಿ ನಿಗದಿತ ವೇಗವನ್ನು ಮೀರಬಾರದು. ಒಕ್ಕಣೆಗೆ ಮುನ್ನ, ಯಂತ್ರ ನಿಂತಿರುವಾಗಲೇ, ಬೋಲ್ಟುಗಳನ್ನು ಪರೀಕ್ಷಿಸಿ ಬಿಗಿಗೊಳಿಸಬೇಕು. ಮುಚ್ಚಳ ತೆಗೆದು ಯಂತ್ರ ಓಡಿಸಬಾರದು. ಸಿಲಿಂಡರ್ ಸುತ್ತುವ ನೇರಕ್ಕೆ ಯಾರೂ ನಿಲ್ಲಬಾರದು.