ಕಶೇರುಮಣಿಯನ್ನು ಗುರುತಿಸುವುದು ಹೇಗೆ?

ತಲೆಯನ್ನು ಮುಂದಕ್ಕೆ ಬಾಗಿಸಿ, ಕತ್ತಿನ ಹಿಂಭಾಗದ ಬುಡವನ್ನು ಮುಟ್ಟಿ ನೋಡಿ. ಬೆರಳಿಗೆ ಸಿಗುವ ದೊಡ್ಡ ಗಂಟು ಸಾಮಾನ್ಯವಾಗಿ ಕತ್ತಿನ ಏಳನೆಯ ಕಶೇರುಮಣಿಯ ಮುಳ್ಳುಚಾಚು.

ವಯಸ್ಕರ ಬೆನ್ನೆಲುಬಿನಲ್ಲಿ 26 ಮೂಳೆಗಳಿವೆ: ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 5, ಹಲವು ಮಣಿಗಳು ಬೆಸೆದು ಆದ ತ್ರಿಕಾಸ್ಥಿ 1, ಬಾಲದ ಮೂಳೆ 1. ಸಾಮಾನ್ಯ ಕಶೇರುಮಣಿಯ ಮುಂಭಾಗದಲ್ಲಿ ದಪ್ಪನೆಯ ಕಾಯ, ಹಿಂಭಾಗದಲ್ಲಿ ಕಮಾನು, ಇವೆರಡರ ನಡುವೆ ಮಿದುಳುಬಳ್ಳಿ ಸಾಗುವ ರಂಧ್ರ ಇರುತ್ತದೆ. ಕಮಾನಿನಿಂದ 7 ಚಾಚುಗಳು ಹೊರಡುತ್ತವೆ: ಹಿಂದಕ್ಕೆ ಮುಳ್ಳುಚಾಚು 1, ಪಕ್ಕಗಳಿಗೆ ಅಡ್ಡಚಾಚು 2, ಮೇಲಕ್ಕೂ ಕೆಳಕ್ಕೂ ಕೀಲುಚಾಚು ತಲಾ 2. ಮುಳ್ಳುಚಾಚು, ಅಡ್ಡಚಾಚುಗಳನ್ನು ಸ್ನಾಯುಗಳು ಹಿಡಿದು ಎಳೆಯುತ್ತವೆ. ಕೀಲುಚಾಚುಗಳು ಮಣಿಗೆ ಮಣಿಯನ್ನು ಜೋಡಿಸುತ್ತವೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲು ಅಡ್ಡಚಾಚು ನೋಡಿ. ಅದರಲ್ಲಿ ತೂತಿದ್ದರೆ ಕತ್ತಿನ ಮಣಿ. ಕಾಯದ ಪಕ್ಕದಲ್ಲಿ ಪಕ್ಕೆಲುಬು ಕೂರುವ ಗುರುತಿದ್ದರೆ ಎದೆಯದು. ಅದರ ಮುಳ್ಳುಚಾಚು ಉದ್ದವಾಗಿ ಕೆಳಕ್ಕೆ ವಾಲಿರುತ್ತದೆ. ಇವೆರಡೂ ಇಲ್ಲದೆ, ಕಾಯ ದೊಡ್ಡದಾಗಿ ಮುಳ್ಳುಚಾಚು ಕೊಡಲಿಯಂತೆ ಅಗಲವಾಗಿದ್ದರೆ ಸೊಂಟದ್ದು. ತೂತಿದ್ದೂ ಕಾಯ, ಮುಳ್ಳುಚಾಚುಗಳಿಲ್ಲದೆ ಉಂಗುರದಂತಿದ್ದರೆ, ತಲೆಬುರುಡೆಯನ್ನು ಹೊರುವ ಮೊದಲ ಮಣಿ ಅಟ್ಲಸ್.

ಈ ಪಾಠ ಅಂಕಕ್ಕಷ್ಟೇ ಅಲ್ಲ. ಮುರಿದ ಮಣಿ ಸರಿದರೆ ಮಿದುಳುಬಳ್ಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಬಹುದು. ಅಪಘಾತದಲ್ಲಿ ಕತ್ತು, ಬೆನ್ನಿಗೆ ಏಟಾದವರನ್ನು ಎತ್ತಿ ಕೂರಿಸಬೇಡಿ; ಅಲುಗಾಡಲು ಬಿಡದೆ 108ಕ್ಕೆ ಕರೆ ಮಾಡಿ.