ಜೋಗದ ದರ್ಶನ

ಜೋಗವನ್ನು ನೋಡಲೋಸುಗ ಹೊರಡುವವರು ಅದನ್ನು ಮೊದಲೇ ಕ್ಯಾಲೆಂಡರಿನಲ್ಲಿ ನೋಡಿರುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಯೇ. ಕ್ಯಾಲೆಂಡರಿನ ಜೋಗದಲ್ಲಿ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳೂ ತುಂಬಿ ಧುಮುಕುತ್ತಿರುವಾಗಲೇ ಆಕಾಶವು ನಿರ್ಮಲವಾಗಿರುತ್ತದೆ, ಕಾಮನಬಿಲ್ಲೂ ತಪ್ಪದೆ ಹಾಜರಿರುತ್ತದೆ. ನೀರಿಗೆ ಬೇಕಾದ ಮಳೆಯೂ ನೋಟಕ್ಕೆ ಬೇಕಾದ ಬಿಸಿಲೂ ಮಲೆನಾಡಿನಲ್ಲಿ ಒಂದೇ ಹೊತ್ತಿಗೆ ಕೂಡಿಬರುವುದು ಎಷ್ಟು ದುರ್ಲಭವೆಂಬುದನ್ನು ಮಾತ್ರ ಅದು ತಿಳಿಸದು.

ಆಷಾಢದಲ್ಲೊಮ್ಮೆ ಸಾಗರದಿಂದ ಬಸ್ಸು ಹಿಡಿದು, ಬೆನ್ನಿಗೆ ಸೋರುವ ಕಿಟಕಿಯ ನೀರನ್ನು ಶರಾವತಿಯ ಮುಂಗಡ ಪ್ರಸಾದವೆಂದು ಭಾವಿಸಿಕೊಂಡು ನಾನು ಅಲ್ಲಿಗೆ ತಲಪಿದಾಗ, 830 ಅಡಿಗಳ ಪ್ರಪಾತವು ಇರಬೇಕಾದೆಡೆಯಲ್ಲಿ ಸುಣ್ಣ ಬಳಿದ ಗೋಡೆಯಂತೆ ಮಂಜು ನಿಂತಿತ್ತು. ಅದರ ಹಿಂದಿನಿಂದ ಘನಗಂಭೀರವಾದ ಮೊರೆತವೇನೋ ಕೇಳಿಬರುತ್ತಿತ್ತು. ಸ್ಥಳೀಯನೊಬ್ಬನು ಕೊಡೆಯ ತುದಿಯಿಂದ ಆ ಬಿಳುಪನ್ನು ತೋರಿಸುತ್ತ, "ಎಡಗಡೆ ರಾಜಾ, ಕಡೇದು ರಾಣಿ" ಎಂದು ವಿವರಿಸಿದನು. ಜನರು ಭಕ್ತಿಯಿಂದ ಅತ್ತ ತಿರುಗಿ ತಲೆದೂಗಿದರು. ಫೋಟೋದವನು ನವದಂಪತಿಗಳನ್ನು ಕಟಕಟೆಗೆ ಒರಗಿಸಿ, ಜಲಪಾತವು ಸರಿಯಾಗಿ ಹಿಂದೆ ಬರುವಂತೆ ಅವರನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದನು! ವೃದ್ಧೆಯೊಬ್ಬರು ತಮ್ಮ ಯಜಮಾನರಿಗೆ, "ಶಬ್ದ ಕೇಳಿಸಿತಲ್ಲ, ಇನ್ನು ನಡೀರಿ, ಬಿಸಿ ಏನಾದರೂ ಕುಡಿಯೋಣ" ಎಂದರು. ಅಷ್ಟು ನಿರಾಡಂಬರವಾದ ರಸವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮುಕ್ಕಾಲು ಜನ ಮೆಣಸಿನಕಾಯಿ ಬಜ್ಜಿಯ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ ಗಾಳಿ ಬೀಸಿತು. ಮಂಜು ಹರಿದು, ಕೆಂಪು ನೀರಿನ ನಾಲ್ಕು ಧಾರೆಗಳೂ ಒಮ್ಮೆಗೇ ಪ್ರತ್ಯಕ್ಷವಾದುವು. ಬಜ್ಜಿಯವರನ್ನು ಕೂಗುವಷ್ಟರಲ್ಲಿ ಗೋಡೆಯು ಮತ್ತೆ ಮುಚ್ಚಿಕೊಂಡಿತು.

ಇದನ್ನು ಕೇಳಿ ಜಾಗರೂಕನಾದ ನನ್ನ ಬಂಧುವೊಬ್ಬನು ಚೈತ್ರದಲ್ಲಿ ಹೋದನು. ಆಕಾಶ ಸ್ವಚ್ಛವಾಗಿತ್ತು, ಬಂಡೆಯು ಆಪಾದಮಸ್ತಕವಾಗಿ ಕಂಡಿತು, ನೀರು ಮಾತ್ರ ಇರಲಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಮೇಲೆಯೇ ತಡೆದು, ವಿದ್ಯುತ್ತಿಗೆಂದು ಬೇರೆ ದಾರಿಯಲ್ಲಿ ಇಳಿಸುತ್ತದೆ. ಮೋಸವಾಯಿತೆಂದು ಅವನು ನನಗೆ ಬರೆದ ನಾಲ್ಕು ಪುಟಗಳ ಪತ್ರವು, ಆ ವಿದ್ಯುತ್ತಿನ ದೀಪದಡಿಯಲ್ಲಿಯೇ ರಚಿತವಾಗಿದ್ದರೂ ಆಶ್ಚರ್ಯವಿಲ್ಲ.

ಆದುದರಿಂದ ಮಳೆಗಾಲದಲ್ಲಿಯೇ ಹೋಗಿರಿ. ಹಿಂದಿರುಗುವುದಕ್ಕೆ ಸಂಜೆಯ ಬಸ್ಸನ್ನು ಗೊತ್ತುಮಾಡಿಕೊಳ್ಳಿರಿ. ಬಜ್ಜಿಯನ್ನು ಮಾತ್ರ ಕಟಕಟೆಯ ಬಳಿಗೇ ತರಿಸಿಕೊಳ್ಳಿರಿ.