ನಾರ್ಮನ್ ಬೋರ್ಲಾಗ್: ಗೋಧಿ ವಿಜ್ಞಾನಿಗೆ ಅಮೆರಿಕ ಸಂಸತ್ತಿನ ಚಿನ್ನದ ಪದಕ

ಕಾಂಗ್ರೆಷನಲ್ ಗೋಲ್ಡ್ ಮೆಡಲ್ ಅಮೆರಿಕದ ಸಂಸತ್ತು ನೀಡುವ ಅತ್ಯುನ್ನತ ಗೌರವ. 2007ರ ಜುಲೈ 17ರಂದು ವಾಷಿಂಗ್ಟನ್‌ನಲ್ಲಿ ಇದನ್ನು ಸ್ವೀಕರಿಸಿದಾಗ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರಿಗೆ 93 ವರ್ಷ. ನೊಬೆಲ್ ಶಾಂತಿ ಪ್ರಶಸ್ತಿ (1970), ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ (1977) ಮೊದಲೇ ಸಂದಿದ್ದವು.

ಬೋರ್ಲಾಗ್ ಹುಟ್ಟಿದ್ದು 1914ರ ಮಾರ್ಚ್ 25ರಂದು, ಅಯೋವಾ ರಾಜ್ಯದ ಕ್ರೆಸ್ಕೊ ಬಳಿಯ ರೈತ ಕುಟುಂಬದಲ್ಲಿ. 1944ರಲ್ಲಿ ಮೆಕ್ಸಿಕೊಗೆ ಹೋದಾಗ ಅಲ್ಲಿನ ಗೋಧಿಯನ್ನು ತುಕ್ಕುರೋಗ ತಿಂದುಹಾಕುತ್ತಿತ್ತು. ಬೇರೆ ಬೇರೆ ಹವೆಯ ಎರಡು ಪ್ರದೇಶಗಳಲ್ಲಿ ವರ್ಷಕ್ಕೆರಡು ಬೆಳೆ ತೆಗೆದು, ರೋಗನಿರೋಧಕ ತಳಿಗಳನ್ನು ಅವರು ಬೇಗನೆ ರೂಪಿಸಿದರು. ಆದರೆ ಗೊಬ್ಬರ ಹೆಚ್ಚಾದರೆ ತೆನೆಯ ಭಾರಕ್ಕೆ ಉದ್ದನೆಯ ಪೈರು ನೆಲಕ್ಕೊರಗುತ್ತಿತ್ತು. ಜಪಾನ್ ಮೂಲದ ಗಿಡ್ಡ ತಳಿ ನೋರಿನ್ 10ರ ಗುಣವನ್ನು ಬೆಸೆದು ಇದಕ್ಕೂ ಪರಿಹಾರ ಕಂಡುಕೊಂಡರು.

ಈ ಗಿಡ್ಡ ಗೋಧಿಯೇ ಭಾರತದ ಹಸಿರು ಕ್ರಾಂತಿಯ ಬುನಾದಿ. ಎಂ.ಎಸ್. ಸ್ವಾಮಿನಾಥನ್ ಇಲ್ಲಿ ಅದರ ಪ್ರಯೋಗಗಳಿಗೆ ಮುಂದಾಳಾದರು. 1966ರಲ್ಲಿ ದೇಶ ಮೆಕ್ಸಿಕೊದಿಂದ 18,000 ಟನ್ ಬೀಜ ತರಿಸಿಕೊಂಡಿತು.

ನೆನಪಿಡಬೇಕಾದದ್ದು: ಬೋರ್ಲಾಗ್ ಅವರಿಗೆ ಭಾರತ ಪದ್ಮವಿಭೂಷಣ ನೀಡಿದ್ದು 2006ರಲ್ಲಿ. ಅವರ ಕನಸಿನ ವಿಶ್ವ ಆಹಾರ ಪ್ರಶಸ್ತಿಯನ್ನು 1987ರಲ್ಲಿ ಮೊದಲು ಪಡೆದವರು ಸ್ವಾಮಿನಾಥನ್. 2009ರ ಸೆಪ್ಟೆಂಬರ್ 12ರಂದು ಬೋರ್ಲಾಗ್ ನಿಧನರಾದರು. ಅವರ ಜನ್ಮಶತಮಾನೋತ್ಸವದ ದಿನ, 2014ರ ಮಾರ್ಚ್ 25ರಂದು, ಅಮೆರಿಕದ ಸಂಸತ್ ಭವನದಲ್ಲಿ ಅಯೋವಾ ರಾಜ್ಯದ ಪರವಾಗಿ ಅವರ ಪ್ರತಿಮೆ ಅನಾವರಣಗೊಂಡಿತು.